ಹುರುಳಿ ಕಾಲು ಕೆಳಗಿಟ್ಟ ದಿನ

ಮಕ್ಕಳೇ, ಒಂದು ಕೆರೆಯನ್ನು ಮನಸ್ಸಿಗೆ ತಂದುಕೊಳ್ಳಿ. ಏರಿಯ ಈಚೆ ಒಂದು ಹೆಂಚಿನ ಮನೆ. ಏರಿಯ ಆಚೆ ಕುರುಚಲು ಕಾಡು. ಆನೆ, ಹುಲಿ ಇರುವ ಕಾಡಲ್ಲ ಅದು. ಕಾರೆ, ಎಲಚಿ, ಜಾಲಿ, ತಂಗಡಿ ಬೆಳೆದ ಕಾಡು. ಆ ಪೊದೆಗಳ ಬುಡದಲ್ಲಿ ಗೌಜುಗ ಹಕ್ಕಿಗಳಿದ್ದವು. ಕೋಳಿಗಿಂತ ಸಣ್ಣವು, ಒಣ ಮಣ್ಣಿನದೇ ಬಣ್ಣ. ನೆಲಕ್ಕೆ ಒತ್ತಿಕೊಂಡು ಕೂತರೆ ಕಾಲಿಗೆ ತಾಗುವವರೆಗೂ ಕಣ್ಣಿಗೆ ಬೀಳುವುದಿಲ್ಲ.

ಪರವಾನಗಿ ಪಡೆದು ಹಕ್ಕಿ ಬೇಟೆ ಆಡಬಹುದಾಗಿದ್ದ ಹಿಂದಿನ ಕಾಲದ ಕತೆ ಇದು. ಆ ಮನೆಯ ಯಜಮಾನನ ಬಳಿ ಜೋಡಿ ನಳಿಗೆಯ ಒಂದು ಬಂದೂಕಿತ್ತು. ಪಾಯಿಂಟರ್ ಜಾತಿಯ ನಾಯಿಗಳಿದ್ದವು.

ಬೇರೆ ನಾಯಿಗಳು ಹಕ್ಕಿಯ ಸುಳಿವು ಸಿಕ್ಕರೆ ಓಡುತ್ತವೆ. ಪಾಯಿಂಟರ್ ನಿಲ್ಲುತ್ತದೆ. ಹಕ್ಕಿಯ ವಾಸನೆ ಮೂಗಿಗೆ ಬಿದ್ದ ಕೂಡಲೇ ಒಂದು ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಮೂಗನ್ನು ಪೊದೆಯ ಕಡೆ ಚಾಚಿ ಕಲ್ಲಾಗಿಬಿಡುತ್ತದೆ. ‘ಹಕ್ಕಿ ಇಲ್ಲಿದೆ’ ಎಂದು ಅದರ ಅರ್ಥ. ಆಗ ಯಜಮಾನ ಬಂದು ಪೊದೆ ಅಲುಗಿಸುತ್ತಾನೆ, ಹಕ್ಕಿ ಹಾರುತ್ತದೆ, ಬಂದೂಕು ಸಿಡಿಯುತ್ತದೆ. ನಾಯಿ ಎತ್ತಿದ ಕಾಲನ್ನು ಕೆಳಗಿಟ್ಟರೆ ‘ಇಲ್ಲಿ ಏನೂ ಇಲ್ಲ’ ಎಂದು ಅರ್ಥ. ಯಜಮಾನ ಪೊದೆ ಮುಟ್ಟದೆ ಮುಂದೆ ಹೋಗುತ್ತಾನೆ.

ಆ ಮನೆಯ ಹಿರಿಯ ಪಾಯಿಂಟರ್ ಹೆಸರು ಜಮಾದಾರ. ಮೂತಿಯ ಕೂದಲು ಬೆಳ್ಳಗಾಗಿತ್ತು. ಎದೆ ಮಾತ್ರ ಇನ್ನೂ ಮುಂದಕ್ಕೇ ಇತ್ತು.

“ಎತ್ತಿದ ಕಾಲು ಇಳಿಸಿದವನಲ್ಲ ನಾನು,” ಎಂದು ಜಮಾದಾರ ಹೇಳಿಕೊಳ್ಳುತ್ತಿತ್ತು. ಬೆಳಿಗ್ಗೆ ಅನ್ನ ತಿನ್ನುವ ಮೊದಲು ಒಮ್ಮೆ, ತಿಂದ ಮೇಲೆ ಒಮ್ಮೆ.

ಎರಡನೆಯದು ಸೀಗೆ. ಸೀಗೆಪುಡಿಯ ಬಣ್ಣದ ಹೆಣ್ಣುನಾಯಿ. ಮಾತು ಕಡಿಮೆ, ಮೂಗು ಚುರುಕು.

ಮೂರನೆಯದಾಗಿ ಬಂದದ್ದು ನಮ್ಮ ಕತೆಯ ಮರಿ. ಬಿಳಿ ಮೈ ತುಂಬ ಹುರುಳಿಕಾಳು ಚೆಲ್ಲಿದಂತೆ ಕಂದು ಚುಕ್ಕೆಗಳು. ಯಜಮಾನ ಅದನ್ನು ಬುಟ್ಟಿಯಿಂದ ಎತ್ತಿ ಅಂಗಳದಲ್ಲಿ ಬಿಟ್ಟ ದಿನವೇ ಯಜಮಾನಿ ಅದಕ್ಕೆ ಹುರುಳಿ ಎಂದು ಹೆಸರಿಟ್ಟಳು.

“ಇದನ್ನು ಕೊಟ್ಟಿಗೆಯಲ್ಲಿ ಕಟ್ಟಬೇಕು,” ಎಂದ ಯಜಮಾನ. “ಬೇಟೆ ನಾಯಿಗೆ ಮುದ್ದು ಕೂಡದು. ಮೂಗು ಮೊಂಡಾಗುತ್ತದೆ.”

“ಹಾಲು ಬಿಟ್ಟು ವಾರ ಆಗಿಲ್ಲ. ಇದಕ್ಕೆ ಬೇಟೆಯಂತೆ!” ಎಂದು ಯಜಮಾನಿ ಮರಿಯನ್ನು ಸೆರಗಿನೊಳಗೆ ಹಾಕಿಕೊಂಡು ಒಳಗೆ ಹೋದಳು. ಮಾತು ಅಲ್ಲಿಗೆ ಮುಗಿಯಿತು.

ಕೊಟ್ಟಿಗೆಯ ಬಾಗಿಲಲ್ಲಿ ಮಲಗಿದ್ದ ಜಮಾದಾರ ಮೂಗು ಮುರಿಯಿತು. “ಕೆಟ್ಟಿತು ಇದು. ಅಡುಗೆಮನೆ ನಾಯಿ ಆಗುತ್ತದೆ, ನೋಡುತ್ತಿರು.”

ಸೀಗೆ ನೋಡುತ್ತಿತ್ತು.

ಹುರುಳಿ ಅಡುಗೆಮನೆಯ ಹೊಸ್ತಿಲಲ್ಲೇ ಬೆಳೆಯಿತು. ಅದು ಉಣ್ಣುವಾಗ ಯಜಮಾನಿ ಪಕ್ಕದಲ್ಲಿ ಪಾತ್ರೆಯ ಮುಚ್ಚಳಗಳನ್ನು ದಡಬಡ ಬಡಿಯುತ್ತಿದ್ದಳು. ಮೊದಮೊದಲು ಮರಿ ಹೆದರಿ ಒಲೆಯ ಹಿಂದೆ ಓಡುತ್ತಿತ್ತು. ಆಮೇಲೆ ಸದ್ದಾದರೆ ಅನ್ನ ಬಂತು ಎಂದು ತಿಳಿದುಕೊಂಡು ಓಡಿಬರತೊಡಗಿತು. ಮುಂದೆ ಬಂದೂಕಿನ ಸದ್ದಿಗೆ ಬೆಚ್ಚದ ಹಾಗೆ ಮಾಡುವ ಉಪಾಯ ಅದು. ಯಜಮಾನಿಗೆ ಅದು ಗೊತ್ತಿತ್ತು. ಗೊತ್ತಿದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಅದೇ ಅಂಗಳದಲ್ಲಿ ಇನ್ನೊಂದು ಜೀವ ಇತ್ತು. ಅದೂ ಗೌಜುಗವೇ. ಹೊಲ ಉಳುವಾಗ ಸಿಕ್ಕ ಮೊಟ್ಟೆಯನ್ನು ಯಜಮಾನಿ ತಂದು ಕೋಳಿಯ ಕಾವಿಗೆ ಇಟ್ಟಿದ್ದಳು. ಒಡೆದು ಹೊರಬಂದ ಹಕ್ಕಿ ಕೋಳಿಗಳ ನಡುವೆ ತಲೆಯೆತ್ತಿ ನಡೆಯಿತು. ಯಾರಿಗೂ ದಾರಿ ಬಿಡಲಿಲ್ಲ. ಅದಕ್ಕೆ ದೊರೆಸಾನಿ ಎಂದು ಹೆಸರು ಬಿತ್ತು.

ದೊರೆಸಾನಿಗೆ ಮಣ್ಣು ಹಿಡಿಸುತ್ತಿರಲಿಲ್ಲ. ದಿನಾ ಬಚ್ಚಲ ಹಂಡೆಯ ಒಲೆಯಿಂದ ತೆಗೆದು ಹಾಕಿದ ಬೂದಿಯಲ್ಲೇ ಹೊರಳಿ ರೆಕ್ಕೆ ಕೊಡವಿಕೊಳ್ಳುತ್ತಿತ್ತು. ಹಾಗಾಗಿ ಅದರ ಮೈಯಿಂದ ಬೂದಿಯ ವಾಸನೆ, ನುಚ್ಚಕ್ಕಿಯ ವಾಸನೆ. ಮಧ್ಯಾಹ್ನ ಹುರುಳಿ ಜಗಲಿಯ ನೆರಳಲ್ಲಿ ಮಲಗಿದರೆ ದೊರೆಸಾನಿ ಬಂದು ಅದರ ಬೆನ್ನ ಮೇಲೆ ಹತ್ತಿ ಕೂರುತ್ತಿತ್ತು.

“ಅಲುಗಬೇಡ,” ಎನ್ನುತ್ತಿತ್ತು ದೊರೆಸಾನಿ.

“ನೊಣ ಕೂತಿದೆ.”

“ಕೂರಲಿ. ನಾನೂ ಕೂತಿದ್ದೇನೆ. ನೊಣಕ್ಕೆ ಬೇಡ ಅನ್ನುವವನು ನನಗೂ ಬೇಡ ಅಂದಂತೆ.”

“ನಿನಗೆ ಬೇಡ ಅಂದರೆ ಕೇಳುತ್ತೀಯ?”

“ಇಲ್ಲ.”

“ಮತ್ತೆ ಸುಮ್ಮನಿರು.”

ಹುರುಳಿ ಅಲುಗದೆ ಮಲಗುವುದನ್ನು ಕಲಿತದ್ದು ಹಾಗೆ. ಆ ಪಾಠ ಕಲಿಸಿದ್ದು ಜಮಾದಾರ ಅಲ್ಲ.

ಮಳೆಗಾಲ ಮುಗಿಯಿತು. ಮರಿಯ ಕಾಲು ಉದ್ದವಾದವು. ಯಜಮಾನ ಅದರ ಕೊರಳಿಗೆ ಉದ್ದದ ಹಗ್ಗ ಕಟ್ಟಿ ಏರಿಯ ಆಚೆ ಕರೆದೊಯ್ದ. ಕೋಲಿನ ತುದಿಗೆ ದಾರ, ದಾರದ ತುದಿಗೆ ಗೌಜುಗದ ಗರಿ ಕಟ್ಟಿ ಅದರ ಮುಂದೆ ಆಡಿಸಿದ. ಹುರುಳಿ ಗರಿಯ ಮೇಲೆ ಹಾರಿತು. ಹಗ್ಗ ಜಗ್ಗಿ ಅಂಗಾತ ಬಿತ್ತು. ಎದ್ದು ಮತ್ತೆ ಹಾರಿತು, ಮತ್ತೆ ಬಿತ್ತು.

ಜಮಾದಾರ ಬಾಯಿತುಂಬ ನಕ್ಕಿತು. “ಅಡುಗೆಮನೆಯಲ್ಲಿ ಹಪ್ಪಳ ಹಿಡಿದ ಹಾಗಲ್ಲ ಮರಿ ಇದು!”

“ನಾನೂ ಬಿದ್ದಿದ್ದೆ,” ಎಂದಿತು ಸೀಗೆ ಮೆಲ್ಲಗೆ. “ಹಲ್ಲು ಅಲ್ಲಾಡುವಷ್ಟು.”

ಹುರುಳಿ ಮೈ ಕೊಡವಿಕೊಂಡಿತು. ಗರಿ ಮತ್ತೆ ಮುಂದೆ ಬಂತು. ಈ ಸಲ ಅದು ಮೂಗು ಚಾಚಿ, ಒಂದು ಕಾಲು ಎತ್ತಿ ನಿಂತುಬಿಟ್ಟಿತು. ಹಾರಬೇಕು ಎಂದು ಮೈಯೆಲ್ಲ ನಡುಗುತ್ತಿತ್ತು. ಆದರೂ ಹಾರಲಿಲ್ಲ.

ಯಜಮಾನ ಮನೆಗೆ ಬಂದು ಹೆಂಡತಿಗೆ “ಮುದ್ದು ಮಾಡಿದರೂ ಮೂಗು ಮೊಂಡಾಗಿಲ್ಲ,” ಎಂದಷ್ಟೇ ಅಂದ. ಅವಳು ಮುಚ್ಚಳ ಬಡಿದು ನಕ್ಕಳು.

ಆ ಮೇಲೆ ಜಮಾದಾರ ಪಾಠ ಶುರುಮಾಡಿತು.

“ಗಾಳಿ ಯಾವಾಗಲೂ ಮುಖಕ್ಕೆ ಬೀಸುತ್ತಿರಬೇಕು. ವಾಸನೆ ಸಿಕ್ಕ ಕೂಡಲೇ ನಿಲ್ಲು. ಯಜಮಾನ ಬರುವವರೆಗೆ ಉಸಿರು ಕೂಡ ಮೆಲ್ಲಗೆ. ತಿಳಿಯಿತೇ?”

“ತಿಳಿಯಿತು ಅಜ್ಜಾ.”

“ನಿನಗಿಂತ ಮುಂದೆ ಇನ್ನೊಂದು ನಾಯಿ ಕಾಲೆತ್ತಿ ನಿಂತರೆ ನೀನೂ ಅದರ ಹಿಂದೆ ಕಾಲೆತ್ತಿ ನಿಲ್ಲಬೇಕು. ನಿನ್ನ ಮೂಗಿಗೆ ಏನೂ ಬೀಳದಿದ್ದರೂ ನಿಲ್ಲಬೇಕು. ಅದು ಮುಂದಿನ ನಾಯಿಗೆ ಕೊಡುವ ಮರ್ಯಾದೆ. ಅದನ್ನು ದಾಟಿ ಒಂದು ಹೆಜ್ಜೆಯೂ ಮುಂದೆ ಹೋಗಕೂಡದು. ದಾಟಿದ ನಾಯಿಯನ್ನು ಬೇಟೆಗೆ ಕರೆದೊಯ್ಯುವುದಿಲ್ಲ. ಮೇಲಾಗಿ ಬಂದೂಕಿನ ಬಾಯಿಗೆ ಅದೇ ಸಿಕ್ಕಿಬೀಳುತ್ತದೆ.”

ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎರಡು ನಾಯಿ ಒಟ್ಟಿಗೆ ನುಗ್ಗಿದರೆ ಹಕ್ಕಿ ಮೊದಲೇ ಹಾರಿಹೋಗುತ್ತದೆ, ನಾಯಿಗೂ ಪೆಟ್ಟಾಗುತ್ತದೆ. ಹುರುಳಿಗೆ ಅದು ಅರ್ಥವಾಯಿತು. ಆದರೂ ಒಂದು ಪ್ರಶ್ನೆ ಉಳಿಯಿತು.

“ಅಜ್ಜಾ, ಮುಂದೆ ನಿಂತ ನಾಯಿಗೇ ತಪ್ಪಾದರೆ?”

“ತಪ್ಪಾಗುವುದಿಲ್ಲ.”

“ಒಂದು ವೇಳೆ ಆದರೆ?”

“ಮುಂದೆ ನಿಲ್ಲುವುದು ಯಾರು?”

“ನೀವು.”

“ಹಾಗಾದರೆ ತಪ್ಪಾಗುವುದಿಲ್ಲ!” ಎಂದು ಜಮಾದಾರ ಪಾಠ ಮುಗಿಸಿತು.

ಆದರೆ ಜಮಾದಾರನ ಮೂಗಿಗೆ ವಯಸ್ಸಾಗಿತ್ತು. ಅದು ಎಲ್ಲರಿಗಿಂತ ಮೊದಲು ತಿಳಿದದ್ದು ಜಮಾದಾರನಿಗೇ. ಒಮ್ಮೆ ಅದು ಎಲಚಿ ಪೊದೆಯ ಮುಂದೆ ಕಾಲೆತ್ತಿತು. ಸೀಗೆ ಹಿಂದೆ ನಿಂತಿತು, ಹುರುಳಿ ಅದರ ಹಿಂದೆ. ಯಜಮಾನ ಬಂದು ಪೊದೆ ಅಲುಗಿಸಿದ. ಏನೂ ಹಾರಲಿಲ್ಲ. ಮತ್ತೆ ಅಲುಗಿಸಿದ. ಪೊದೆಯ ಬುಡದಿಂದ ಒಂದು ಮುಂಗುಸಿ ಹೊರಗೆ ಬಂತು.

“ಯಾರನ್ನು ಕಾಯುತ್ತಿದ್ದೀರಿ ಜಮಾದಾರರೇ? ಗೌಜುಗದ ಮನೆಯವರು ಬೆಳಿಗ್ಗೆಯೇ ಖಾಲಿ ಮಾಡಿದರು. ನಾನೇ ಎಬ್ಬಿಸಿ ಕಳಿಸಿದೆ. ಇಲ್ಲಿ ಉಳಿದಿರುವುದು ಅವರ ಹಾಸಿಗೆಯ ವಾಸನೆ.”

ಜಮಾದಾರ ಕಾಲು ಇಳಿಸಲಿಲ್ಲ.

“ಕಾಲು ನೋಯುವುದಿಲ್ಲವೇ?” ಎಂದಿತು ಮುಂಗುಸಿ.

“ಹಕ್ಕಿ ಒಳಗಿದೆ,” ಎಂದಿತು ಜಮಾದಾರ.

ಮುಂಗುಸಿ ಪೊದೆಯ ಒಳಹೊಕ್ಕು, ಆಚೆಯಿಂದ ಹೊರಬಂದು, ಸುತ್ತು ಹಾಕಿ ಮತ್ತೆ ಮುಂದೆ ಬಂತು. “ಬೇಕಿದ್ದರೆ ಇನ್ನೊಮ್ಮೆ ಹೋಗಿ ನೋಡಿಬರಲೇ?”

ಜಮಾದಾರ ನಿಂತೇ ಇತ್ತು. ಬೇಸತ್ತ ಯಜಮಾನ ಸಿಳ್ಳೆ ಹಾಕಿ ಮುಂದೆ ನಡೆದ ಮೇಲೆ, ಯಾರೂ ತನ್ನ ಕಡೆ ನೋಡದ ಹೊತ್ತು ನೋಡಿ ಕಾಲು ಕೆಳಗಿಟ್ಟಿತು. ದಾರಿಯಲ್ಲಿ “ಓಡಿಹೋಯಿತು ಹಾಳು ಹಕ್ಕಿ,” ಎಂದಿತು. ಸೀಗೆ ಹೂಂಗುಟ್ಟಿತು. ಹುರುಳಿ ಹೂಂಗುಟ್ಟಲಿಲ್ಲ.

“ಏನೋ ಮರಿ, ಗಂಟಲು ಕಟ್ಟಿದೆಯೇ?”

“ಇಲ್ಲ ಅಜ್ಜಾ. ಓಡಿಹೋದದ್ದನ್ನು ನಾನು ನೋಡಲಿಲ್ಲ. ಅದಕ್ಕೆ ಸುಮ್ಮನಿದ್ದೇನೆ.”

“ಅಡುಗೆಮನೆ ನಾಯಿ!” ಎಂದಿತು ಜಮಾದಾರ.

ಈ ನಡುವೆ ದೊರೆಸಾನಿಗೆ ಹೊಸ ಹುಚ್ಚು ಹಿಡಿದಿತ್ತು. ಏರಿಯ ಆಚೆಯಿಂದ ಬೆಳಗಿನ ಹೊತ್ತು ಗಂಡು ಗೌಜುಗದ ಕೂಗು ಕೇಳಿಸುತ್ತಿತ್ತು. ಆಗೆಲ್ಲ ಅದು ಬೂದಿಯಲ್ಲಿ ಹೊರಳುವುದನ್ನು ಬಿಟ್ಟು ಗೋಡೆಯ ಮೇಲೆ ಹತ್ತಿ ಕತ್ತು ಚಾಚುತ್ತಿತ್ತು.

“ನಾನೂ ಒಂದು ದಿನ ಅಲ್ಲಿಗೆ ಹೋಗಿಬರುತ್ತೇನೆ,” ಎಂದಿತು ಹುರುಳಿಯ ಬೆನ್ನ ಮೇಲೆ ಕೂತು.

“ಬೇಡ. ಅಲ್ಲಿ ಬಂದೂಕಿದೆ.”

“ಯಾರ ಬಂದೂಕು?”

“ನಮ್ಮ ಯಜಮಾನನದು.”

“ಮತ್ತೇನು? ಅವನು ನನಗೆ ಅಂಗೈಯಲ್ಲಿ ನುಚ್ಚು ಇಟ್ಟು ತಿನ್ನಿಸುತ್ತಾನೆ. ನನ್ನನ್ನು ಹೊಡೆಯುತ್ತಾನೆಯೇ?”

“ನೆಲದ ಮೇಲಿದ್ದರೆ ಅವನು ನಿನ್ನನ್ನು ಗುರುತು ಹಿಡಿಯುತ್ತಾನೆ. ಹಾರಿದರೆ ಎಲ್ಲ ಗೌಜುಗವೂ ಒಂದೇ ಥರ ಕಾಣುತ್ತದೆ.”

“ನಾನು ಎಲ್ಲರ ಥರ ಅಲ್ಲ!” ಎಂದು ದೊರೆಸಾನಿ ಅದರ ಕಿವಿ ಕುಕ್ಕಿತು.

“ಕುಕ್ಕಬೇಡ. ನಿಜ ಹೇಳಿದರೆ ಕುಕ್ಕುತ್ತೀಯ. ಹೋದರೆ ಸಾಯುತ್ತೀಯ, ಅಷ್ಟೇ.”

“ನಾಯಿ ಬಾಯಿ,” ಎಂದು ದೊರೆಸಾನಿ ಕೆಳಗಿಳಿದು ಹೋಯಿತು.

ಅದಾದ ಕೆಲವೇ ದಿನಕ್ಕೆ ಒಂದು ಮುಂಜಾನೆ ಯಜಮಾನ ಬೇಟೆಗೆ ಹೊರಟ. ನಾಯಿಗಳು ಏರಿ ಹತ್ತಿ ಆಚೆಗಿಳಿದವು. ಅವು ಕೆರೆಯ ಕೋಡಿಯ ಬಳಿ ಸುತ್ತುತ್ತಿದ್ದಾಗ ಏರಿಯ ಆಚೆ ಗಂಡು ಗೌಜುಗ ಕೂಗಿತು. ದೊರೆಸಾನಿ ಅಂಗಳದ ಗೋಡೆಯಿಂದ ಹಾರಿತು. ಅಷ್ಟು ದೂರ ಅದು ಹಿಂದೆಂದೂ ಹಾರಿರಲಿಲ್ಲ. ಏರಿ ದಾಟುವಷ್ಟರಲ್ಲಿ ರೆಕ್ಕೆ ಸೋತಿತು. ಒಂದು ಕಾರೆ ಪೊದೆಯ ಬುಡಕ್ಕೆ ಇಳಿದು ಏದುಸಿರು ಬಿಡುತ್ತ ಕೂತಿತು.

ನಾಯಿಗಳಿಗೆ ಇದು ತಿಳಿಯದು.

ಸ್ವಲ್ಪ ಹೊತ್ತಿಗೆ ಜಮಾದಾರ ಆ ಕಾರೆ ಪೊದೆಯ ಹತ್ತಿರ ಬಂತು. ಮೂಗು ಎತ್ತಿತು. ಈ ಸಲ ತಪ್ಪಿಲ್ಲ, ಗೌಜುಗವೇ. ಅದು ಮುಂಗಾಲು ಎತ್ತಿ ನಿಂತಿತು. ಎಷ್ಟು ಚೆಂದ ನಿಂತಿತೆಂದರೆ ಹರೆಯದ ನಾಯಿ ಕೂಡ ಹಾಗೆ ನಿಲ್ಲಲಾರದು. ಅದನ್ನು ನೋಡಿ ಸೀಗೆ ಹಿಂದೆ ಕಾಲೆತ್ತಿತು. ಸೀಗೆಯನ್ನು ನೋಡಿ ಹುರುಳಿ ಕಾಲೆತ್ತಿತು. ದೂರದಲ್ಲಿ ಯಜಮಾನ ತಿರುಗಿ ನೋಡಿ ಇತ್ತ ಹೆಜ್ಜೆ ಹಾಕಿದ.

ಆಗ ಗಾಳಿ ತುಸು ತಿರುಗಿತು.

ಹುರುಳಿಯ ಮೂಗಿಗೆ ಗೌಜುಗದ ವಾಸನೆ ಬಿತ್ತು. ಅದರೊಳಗೆ ಹಂಡೆ ಒಲೆಯ ಬೂದಿಯ ವಾಸನೆ. ನುಚ್ಚಿನ ವಾಸನೆ. ತನ್ನ ಬೆನ್ನಿನದೇ ವಾಸನೆ.

ಅದು ಬಾಯಿ ಅಲುಗಿಸದೆ ಪಿಸುಗುಟ್ಟಿತು.

“ಅಜ್ಜಾ, ಕಾಲು ಇಳಿಸಿ. ಒಳಗಿರುವುದು ದೊರೆಸಾನಿ.”

“ಒಳಗಿರುವುದು ಗೌಜುಗ.”

“ಹೌದು, ನಮ್ಮ ಮನೆಯ ಗೌಜುಗ. ಬೂದಿ ವಾಸನೆ ಬರುತ್ತಿಲ್ಲವೇ?”

ಜಮಾದಾರನ ಮೂಗಿನ ಹೊಳ್ಳೆ ಒಮ್ಮೆ ಅರಳಿತು, ಮುಚ್ಚಿತು. “ಮಾತಾಡಬೇಡ. ಹಿಂದೆ ನಿಂತವನ ಕೆಲಸ ನಿಲ್ಲುವುದು.”

“ನೀವು ಕಾಲು ಇಳಿಸಿದರೆ ಸಾಕು ಅಜ್ಜಾ, ಯಜಮಾನ ಮುಂದೆ ಹೋಗುತ್ತಾನೆ. ಇನ್ನೇನೂ ಮಾಡುವುದು ಬೇಡ. ಕಾಲೊಂದು ಇಳಿಸಿ.”

“ಎತ್ತಿದ ಕಾಲು ಇಳಿಸಿದವನಲ್ಲ ನಾನು.”

“ಸೀಗಕ್ಕಾ, ನೀನಾದರೂ ಹೇಳು.”

ಸೀಗೆ ಕಣ್ಣು ಮಿಟುಕಿಸಿತು. ಬಾಯಿ ಬಿಡಲಿಲ್ಲ.

ಯಜಮಾನನ ಕಾಲಡಿಯ ಒಣ ಎಲೆಗಳ ಸದ್ದು ಹತ್ತಿರವಾಯಿತು. ಹೊಡೆಯಲು ಸಿದ್ಧಮಾಡಿ ಬಂದೂಕಿನ ಕುದುರೆಯನ್ನು ಹಿಂದಕ್ಕೆಳೆದ ಸದ್ದು ‘ಕಟಕ್’ ಎಂದಿತು.

ಹುರುಳಿ ಯೋಚಿಸಿತು. ಬೊಗಳಿದರೆ ದೊರೆಸಾನಿ ಬೆದರಿ ಹಾರುತ್ತದೆ. ಹಾರಿದರೆ ಗುಂಡು. ಓಡಿಹೋಗಿ ಪೊದೆಗೆ ನುಗ್ಗಿದರೂ ಹಾರುತ್ತದೆ, ಮತ್ತೆ ಗುಂಡು. ಸುಮ್ಮನೆ ನಿಂತರೆ ಯಜಮಾನ ಬಂದು ಪೊದೆ ಅಲುಗಿಸುತ್ತಾನೆ. ಆಗಲೂ ಗುಂಡು. ಇವು ಯಾವುವೂ ಆಗುವ ದಾರಿಯಲ್ಲ. ಉಳಿದದ್ದು ಒಂದೇ. ಮೆಲ್ಲಗೆ ನಡೆದುಹೋಗುವುದು. ಆದರೆ ಅದಕ್ಕೆ ಜಮಾದಾರನನ್ನು ದಾಟಬೇಕು, ಬಂದೂಕಿನ ಬಾಯಿಗೆ ಅಡ್ಡವಾಗಬೇಕು. ಇಂಥದ್ದನ್ನು ಮಾಡಿದ ನಾಯಿ ಮತ್ತೆ ಬೇಟೆಯ ಮುಖ ನೋಡುವುದಿಲ್ಲ.

‘ನೋಡದಿದ್ದರೆ ಬೇಡ,’ ಎಂದುಕೊಂಡಿತು ಹುರುಳಿ.

ಎತ್ತಿದ ಕಾಲನ್ನು ಕೆಳಗಿಟ್ಟಿತು.

“ಏಯ್!” ಜಮಾದಾರ ಗುರುಗುಟ್ಟಿತು. “ಎಲ್ಲಿಗೆ?”

“ಮುಂದಕ್ಕೆ.”

“ನನ್ನನ್ನು ದಾಟುತ್ತೀಯ?”

“ದಾಟುತ್ತೇನೆ.”

“ನಿನ್ನ ಬೇಟೆ ಇವತ್ತಿಗೆ ಮುಗಿಯಿತು ಅಂತ ತಿಳಿದುಕೋ!”

“ತಿಳಿದುಕೊಂಡೇ ಹೊರಟಿದ್ದೇನೆ ಅಜ್ಜಾ.”

ಹುರುಳಿ ಸೀಗೆಯನ್ನು ದಾಟಿತು. ಜಮಾದಾರನನ್ನು ದಾಟಿತು. ಕಾಲುಗಳು ಓಡು ಓಡು ಎನ್ನುತ್ತಿದ್ದವು. ಅದು ಓಡಲಿಲ್ಲ. ಒಂದೊಂದೇ ಪಾದವನ್ನು ಎಲೆ ಸದ್ದಾಗದ ಹಾಗೆ ಊರಿ ನಡೆಯಿತು.

“ಹುರುಳೀ! ನಿಲ್ಲು!” ಹಿಂದಿನಿಂದ ಯಜಮಾನ ಗದರಿದ. ಬಂದೂಕು ಹೆಗಲಿಗೇರಿತ್ತು. ನಳಿಗೆಯ ನೇರಕ್ಕೆ ಈಗ ಪೊದೆ ಇರಲಿಲ್ಲ, ಹುರುಳಿಯ ಬೆನ್ನಿತ್ತು. “ನಿಲ್ಲೋ ಅಂದರೆ!”

ಯಜಮಾನನ ಮಾತನ್ನು ಹುರುಳಿ ಮೀರಿದ್ದು ಅದೇ ಮೊದಲು. ಕಿವಿ ಹಿಂದಕ್ಕೆ ಮಡಚಿಕೊಂಡವು, ಬಾಲ ಹೊಟ್ಟೆಯಡಿಗೆ ಹೋಗಲು ನೋಡಿತು. ಅದನ್ನೂ ಹೋಗಗೊಡದೆ ನೆಟ್ಟಗೆ ಹಿಡಿದುಕೊಂಡು ಅದು ಕಾರೆ ಪೊದೆಯೊಳಗೆ ತಲೆ ಹಾಕಿತು.

ದೊರೆಸಾನಿ ನೆಲಕ್ಕೆ ಅಂಟಿಕೊಂಡಿತ್ತು. ರೆಕ್ಕೆ ಅರ್ಧ ಬಿಚ್ಚಿತ್ತು. ಇನ್ನೊಂದು ಉಸಿರಿಗೆ ಹಾರುವುದರಲ್ಲಿತ್ತು.

“ಹಾರಬೇಡ,” ಎಂದಿತು ಹುರುಳಿ. ಮುಳ್ಳು ಬೆನ್ನಿಗೆ ಚುಚ್ಚುತ್ತಿದ್ದರೂ ಜಗಲಿಯಲ್ಲಿ ಮಲಗಿದ ಹಾಗೆಯೇ ಮೆಲ್ಲಗೆ ಮಲಗಿತು.

“ಆಚೆ ಯಾರೋ ಇದ್ದಾರೆ. ನನ್ನ ಕಾಲು ನಡುಗುತ್ತಿದೆ.”

“ನಡುಗಲಿ. ಹಾರಬೇಡ.”

“ಆ ಗಂಡು ಗೌಜುಗ ಎಲ್ಲಿದೆಯೋ ಕಾಣಲೇ ಇಲ್ಲ. ಬರೀ ಕೂಗು.”

“ಆಮೇಲೆ ಹೇಳು. ಈಗ ಹತ್ತು.”

“ನಿನ್ನ ಮೈಯೆಲ್ಲ ಇಬ್ಬನಿ. ಒದ್ದೆ.”

“ದೊರೆಸಾನೀ!”

ದೊರೆಸಾನಿ ರೆಕ್ಕೆ ಮಡಚಿತು. ಒಂದು ಕಾಲು ಹುರುಳಿಯ ಬೆನ್ನ ಮೇಲಿಟ್ಟಿತು, ಇನ್ನೊಂದು ಕಾಲನ್ನೂ ಇಟ್ಟಿತು. ದಿನದ ರೂಢಿಯಂತೆ ಭುಜದ ಸಂದಿಯಲ್ಲಿ ಹುದುಗಿ ಕೂತಿತು.

“ಅಲುಗಬೇಡ,” ಎಂದಿತು.

“ಇವತ್ತೊಂದು ದಿನ ಅಲುಗದೆ ಆಗುವುದಿಲ್ಲ,” ಎಂದು ಹುರುಳಿ ಎದ್ದು ನಿಂತಿತು.

ಪೊದೆಯಿಂದ ನಾಯಿ ಹೊರಗೆ ಬಂತು. ನಾಯಿಯ ಬೆನ್ನ ಮೇಲೆ ಗೌಜುಗ. ಯಜಮಾನ ನೋಡಿದ. ಬಂದೂಕಿನ ನಳಿಗೆ ನಿಧಾನವಾಗಿ ನೆಲದ ಕಡೆ ವಾಲಿತು. ಅವನು ಬಂದೂಕು ಮಡಚಿ ಎರಡೂ ತೋಟಾಗಳನ್ನು ಹೊರಗೆ ತೆಗೆದ. ಒಂದು ತೋಟಾ ಕೈಜಾರಿ ಹುಲ್ಲಿಗೆ ಬಿತ್ತು. ಅದನ್ನು ಹುಡುಕಲು ಹೋಗದೆ ಅಲ್ಲೇ ಮುಳ್ಳುನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟ.

“ಥೂ,” ಎಂದ, ತನಗೇ ಹೇಳಿಕೊಳ್ಳುವಂತೆ.

ದೊರೆಸಾನಿ ಹುರುಳಿಯ ಬೆನ್ನಿನಿಂದ ಇಳಿದು, ಅವನ ಮೊಣಕಾಲಿನ ಹತ್ತಿರ ನಡೆದುಹೋಗಿ, ಅಂಗೈಯಲ್ಲಿ ನುಚ್ಚು ಇದೆಯೇ ಎಂದು ನೋಡಿತು. ಇರಲಿಲ್ಲ. ಅದಕ್ಕೆ ಕೋಪ ಬಂದು ಅವನ ಬೆರಳು ಕುಕ್ಕಿತು. ಯಜಮಾನ ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

ಸೀಗೆ ಕಾಲು ಕೆಳಗಿಟ್ಟಿತು.

ಜಮಾದಾರ ಇನ್ನೂ ನಿಂತಿತ್ತು. ಪೊದೆ ಖಾಲಿಯಾಗಿತ್ತು. ಹಕ್ಕಿ ಯಜಮಾನನ ಕಂಕುಳಲ್ಲಿ ಕೂತು ಕಣ್ಣು ಮುಚ್ಚಿತ್ತು. ಆದರೂ ಎತ್ತಿದ ಕಾಲು ಮೇಲೆಯೇ ಇತ್ತು. ಅದು ಥರಥರ ನಡುಗುತ್ತಿತ್ತು. ಯಜಮಾನ ಸಿಳ್ಳೆ ಹಾಕಿದ. ಜಮಾದಾರ ಕದಲಲಿಲ್ಲ. ಕೊನೆಗೆ ಅವನೇ ಹೋಗಿ ಆ ಕಾಲನ್ನು ಕೈಯಿಂದ ಹಿಡಿದು, ಮಗುವಿನ ಕಾಲನ್ನು ಇಳಿಸಿದ ಹಾಗೆ, ನೆಲಕ್ಕೆ ಮುಟ್ಟಿಸಿದ.

ಮೂರೂ ನಾಯಿಗಳು ಮನೆಯ ದಾರಿ ಹಿಡಿದವು.

ನಡೆದದ್ದನ್ನು ಕೇಳಿ ಯಜಮಾನಿ ಕೈಲಿದ್ದ ಮುಚ್ಚಳವನ್ನು ಸದ್ದಾಗದಂತೆ ಕೆಳಗಿಟ್ಟಳು. ದೊರೆಸಾನಿಗೆ ನುಚ್ಚು ಹಾಕಿದಳು. ಹುರುಳಿಯ ಬೆನ್ನಿನಿಂದ ಮುಳ್ಳು ಕಿತ್ತಳು. ಮುಂದಿನ ಬೇಟೆಗೆ ಯಜಮಾನ ಹುರುಳಿಯನ್ನು ಕರೆದೊಯ್ಯುತ್ತಾನೋ ಇಲ್ಲವೋ, ಅವನ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಸಂಜೆ ಕೊಟ್ಟಿಗೆಯ ಮುಂದೆ ಜಮಾದಾರ ಹುರುಳಿಯನ್ನು ಕರೆಸಿತು. ಸೀಗೆ ಪಕ್ಕದಲ್ಲಿ ಕೂತಿತ್ತು.

“ನನ್ನನ್ನು ದಾಟಿದೆ,” ಎಂದಿತು ಜಮಾದಾರ.

“ದಾಟಿದೆ.”

“ಯಜಮಾನ ನಿಲ್ಲು ಅಂದರೂ ನಿಲ್ಲಲಿಲ್ಲ.”

“ನಿಲ್ಲಲಿಲ್ಲ.”

“ತಪ್ಪಾಯಿತು ಅನ್ನು. ಇಲ್ಲಿಗೆ ಬಿಡುತ್ತೇನೆ.”

“ಅನ್ನುವುದಿಲ್ಲ.”

ಸೀಗೆಯ ಕಿವಿ ನಿಮಿರಿದವು. ಆ ಕೊಟ್ಟಿಗೆಯಲ್ಲಿ ಜಮಾದಾರನಿಗೆ ಯಾರೂ ಹಾಗೆ ಹೇಳಿದ್ದಿಲ್ಲ.

“ಅನ್ನುವುದಿಲ್ಲವೇ?”

“ಇಲ್ಲ ಅಜ್ಜಾ. ಹಕ್ಕಿ ಯಾವುದೆಂದು ನನಗೆ ಗೊತ್ತಿಲ್ಲದಿದ್ದರೆ ನಿಮ್ಮ ಹಿಂದೆ ಕಾಲು ಮುರಿದುಬೀಳುವವರೆಗೆ ನಿಲ್ಲುತ್ತಿದ್ದೆ. ನೀವು ಹೇಳಿಕೊಟ್ಟ ಮರ್ಯಾದೆ ಅದು, ನಾನು ಅದನ್ನು ಬಿಟ್ಟಿಲ್ಲ. ಆದರೆ ನನಗೆ ಗೊತ್ತಿತ್ತು. ಗೊತ್ತಿದ್ದ ಮೇಲೂ ನಿಂತಿದ್ದರೆ, ಇಷ್ಟು ಹೊತ್ತಿಗೆ ಯಜಮಾನಿ ಅಂಗಳದಲ್ಲಿ ‘ದೊರೆಸಾನೀ, ದೊರೆಸಾನೀ’ ಅಂತ ಕೂಗುತ್ತಿದ್ದಳು. ಯಜಮಾನನ ಬೇಟೆಯ ಚೀಲ ತೆರೆಯುವವರೆಗೆ ಕೂಗುತ್ತಿದ್ದಳು.”

ಜಮಾದಾರ ಮುಖ ತಿರುಗಿಸಿತು. “ನಿನ್ನೊಬ್ಬನಿಗೇ ಮೂಗಿದೆಯೇನೋ? ಸೀಗೆಯೂ ಅಲ್ಲೇ ಇತ್ತು. ಅದು ನಿಲ್ಲಲಿಲ್ಲವೇ? ಕೇಳು ಅದನ್ನು.”

ಹುರುಳಿ ಸೀಗೆಯ ಕಡೆ ತಿರುಗಿತು.

ಸೀಗೆ ನೆಲ ನೋಡಿತು. ಮಾತು ಕಡಿಮೆಯ ನಾಯಿ ಅದು. ಆಡಿದಾಗ ಸಣ್ಣ ದನಿಯಲ್ಲಿ ಆಡಿತು. “ನನಗೂ ಬೂದಿ ವಾಸನೆ ಬಂದಿತ್ತು.”

“ಯಾವಾಗ?” ಎಂದಿತು ಹುರುಳಿ.

“ನಿನಗಿಂತ ಮೊದಲೇ.”

“ಮತ್ತೆ ಯಾಕೆ ನಿಂತೆ ಅಕ್ಕಾ?”

“ಅಜ್ಜ ನಿಂತಿದ್ದರು.”

ಹುರುಳಿ ಈಗ ಜಮಾದಾರನ ಮುಖವನ್ನೇ ನೋಡಿತು. ಕಣ್ಣು ತಗ್ಗಿಸಲಿಲ್ಲ.

“ಅಜ್ಜಾ, ಬೂದಿ ವಾಸನೆ ಅಂದಾಗ ನಿಮ್ಮ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ನೋಡಿದೆ. ನಿಮಗೂ ಗೊತ್ತಾಗಿತ್ತು. ನೀವು ಯಾಕೆ ನಿಂತಿರಿ?”

ಜಮಾದಾರ ಬೆಳಿಗ್ಗೆ ಎತ್ತಿದ್ದ ಕಾಲನ್ನು ನೆಕ್ಕಿಕೊಂಡಿತು. ಅದು ಇನ್ನೂ ನೋಯುತ್ತಿತ್ತು.

“ನೀವಿಬ್ಬರೂ ಹಿಂದೆ ನಿಂತಿದ್ದಿರಿ. ನಿಮ್ಮೆದುರಿಗೆ ಹೇಗೆ ಇಳಿಸಲಿ?” ಎಂದಿತು.

ಸೀಗೆ ತಲೆಯೆತ್ತಿತು. ಹುರುಳಿ ಎದ್ದು ನಿಂತಿತು.

“ಇನ್ನು ಮುಂದೆ ನಾನು ಹಿಂದೆ ನಿಂತಿದ್ದೇನೆ ಅಂತ ನೀವು ನಿಲ್ಲಬೇಡಿ ಅಜ್ಜಾ. ಗೊತ್ತಾದ ದಿನ ನಾನು ಮತ್ತೆ ದಾಟುತ್ತೇನೆ. ಬೈಯುವುದಿದ್ದರೆ ಈಗಲೇ ಬೈದುಬಿಡಿ.”

ಜಮಾದಾರ ಬೈಯಲಿಲ್ಲ.

ನೀತಿ: ತಪ್ಪೆಂದು ತಿಳಿದ ಮೇಲೂ ‘ಎಲ್ಲರೂ ನಿಂತಿದ್ದಾರೆ’ ಎಂದು ನಿಲ್ಲಬಾರದು, ಒಬ್ಬರಾದರೂ ಮೊದಲು ಕಾಲು ಕೆಳಗಿಡಬೇಕು.